ಎರಡು ಬೆರಳು ಸಡಿಲ

ಐವತ್ತೈದು ತುಂಬಿದವರನ್ನು ಕೆರೆ ದಾಟುವ ಈಜಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ನನಗೆ ತಿಳಿದದ್ದು ಒಂದು ಕೆಟ್ಟ ಜಿಪ್ಪಿನ ದೆಸೆಯಿಂದ. ಈಜುಕೊಳದಲ್ಲಿ ಕಲಿಸುವ ಹುಡುಗಿ ತನ್ನ ಜಾಕೆಟ್ಟಿಗೆ ಹೊಸ ಜಿಪ್ಪು ಹಾಕಿಸಲು ನನ್ನ ಅಂಗಡಿಗೆ ಬಂದಿದ್ದಳು. ನಾನು ಹಳೆಯದನ್ನು ಬಿಚ್ಚುತ್ತಿದ್ದರೆ ಅವಳು ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಗದರುತ್ತಿದ್ದಳು.

"ಇಲ್ಲ ಸರ್, ರೂಲ್ಸ್ ಅಂದ್ರೆ ರೂಲ್ಸ್. ಐವತ್ತೈದು ತುಂಬಿದ್ರೆ ಕೆರೆಗೆ ಇಳಿಸಲ್ಲ. ನೀವು ದಡದಲ್ಲಿ ನಿಂತು ಚಪ್ಪಾಳೆ ಹೊಡೀರಿ, ಅದಕ್ಕೇನೂ ವಯಸ್ಸಿನ ಮಿತಿ ಇಲ್ಲ."

ಅವಳು ಫೋನ್ ಇಟ್ಟ ಮೇಲೆ ಕೇಳಿದೆ. "ಐವತ್ತನಾಲ್ಕು ಆಗಿದ್ರೆ?"

"ಯಾರಿಗೆ ಆಂಟಿ? ಅಂಕಲ್‌ಗಾ?"

"ನನಗೆ."

ಬಾಗಿಲ ಬಳಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, "ಇವಳಿಗೆ ಸ್ನಾನದ ಮನೇಲಿ ನೀರು ಸಾಕಾಗ್ತಿಲ್ಲ ಅಂತ ಕಾಣುತ್ತೆ" ಎಂದರು.

ನಾನು ಹುಟ್ಟಿ ಬೆಳೆದ ಮನೆ ಆ ಕೆರೆಯ ಪಕ್ಕದಲ್ಲೇ ಇತ್ತು. ಅಣ್ಣನಿಗೆ ಈಜು ಕಲಿಸಲು ಅಪ್ಪ ನೀರಿಗಿಳಿದಾಗ ನಾನೂ ಬೆನ್ನ ಹಿಂದೆಯೇ ಇಳಿದಿದ್ದೆ. ಯಾರಾದರೂ ನನ್ನನ್ನು ಗಮನಿಸುವ ಹೊತ್ತಿಗೆ ನನಗೆ ಈಜು ಬಂದುಬಿಟ್ಟಿತ್ತು. ಅಣ್ಣ ಕೈಕಾಲು ಬಡಿದು ನೀರನ್ನೆಲ್ಲ ರಾಡಿ ಮಾಡುತ್ತಿದ್ದರೆ ನಾನು ಅವನನ್ನು ದಾಟಿ ಮುಂದೆ ಹೋಗಿ, ತಿರುಗಿ ನಿಂತು ಅವನ ಮುಖ ನೋಡುತ್ತಿದ್ದೆ. ಆ ಮುಖ ನೋಡುವುದರಲ್ಲಿ ನನಗೆ ಬಹಳ ಸುಖವಿತ್ತು. ಆಮೇಲೆ ನನ್ನ ಫ್ರಾಕು ಮೊಣಕಾಲಿನಿಂದ ಪಾದಕ್ಕೆ ಇಳಿದ ವರ್ಷ ಅಮ್ಮ, "ಇನ್ನು ನೀರಾಟ ಸಾಕು" ಎಂದಳು. ಜಗಳವೇನೂ ಆಗಲಿಲ್ಲ. ಆ ಕಾಲಕ್ಕೆ ಅದು ಜಗಳ ಮಾಡುವ ವಿಷಯ ಎಂದೇ ನನಗೆ ತೋಚಲಿಲ್ಲ. ಅಣ್ಣ ಈಜುತ್ತಲೇ ಹೋದ, ಒಂದು ವರ್ಷ ಕೆರೆಯನ್ನೂ ದಾಟಿದ. ಬೀದಿಯವರೆಲ್ಲ ಅವನ ಬೆನ್ನು ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ಜೋರಾಗಿಯೇ.

ನಾನಾಗಿದ್ದರೆ ದಾಟುತ್ತಿದ್ದೆನೇ? ಆ ಪ್ರಶ್ನೆ ನನ್ನೊಳಗೆ ಉಳಿದುಹೋಯಿತು. ಕೊರಗು ಎನ್ನುವಷ್ಟು ದೊಡ್ಡದಲ್ಲ. ಮದುವೆ, ಮಗಳು, ಅಂಗಡಿ ಎಂದು ಬದುಕು ತುಂಬಿಕೊಂಡೇ ಇತ್ತು. ಆದರೆ ಅರ್ಧ ಹೊಲಿದು ಪಕ್ಕಕ್ಕಿಟ್ಟ ಬಟ್ಟೆ ಇರುತ್ತದಲ್ಲ, ಯಾರೂ ಕೇಳಿಕೊಂಡು ಬರದಿದ್ದರೂ ಕಪಾಟು ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತದಲ್ಲ, ಹಾಗೆ.

ಅಂದು ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಶಾಲೆಯ ವ್ಯಾನ್ ಓಡಿಸುವವರು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಮನೆಯಲ್ಲಿ ಮಾತು ಉಳಿತಾಯ ಮಾಡುತ್ತಾರೆ.

"ಕೆರೆನಾ?" ಎಂದರು.

"ಕೆರೆ."

"ಪೂರ್ತಿನಾ?"

"ಅರ್ಧಕ್ಕೆ ನಿಲ್ಲೋಕೆ ಅಲ್ಲಿ ಸ್ಟಾಪ್ ಇಲ್ವಲ್ಲ."

ತುತ್ತು ಅಗಿದು ನುಂಗುವವರೆಗೆ ಯೋಚಿಸಿದರು. "ಸರಿ. ಬೆಳಗ್ಗೆ ಮಕ್ಕಳನ್ನ ಹತ್ತಿಸ್ಕೊಳ್ಳೋಕೆ ಮುಂಚೆ ನಿನ್ನನ್ನ ಈಜುಕೊಳಕ್ಕೆ ಬಿಡ್ತೀನಿ."

ಅತ್ತೆ ತಟ್ಟೆ ಸರಿಸಿದರು. "ತಪ್ಪು ನನ್ನ ಮಗನದೇ. ವ್ಯಾನಿಗೆ ಬ್ರೇಕ್ ಹಾಕೋದು ಕಲ್ತ, ಹೆಂಡತಿಗೆ ಹಾಕೋದು ಕಲೀಲಿಲ್ಲ."

ಈಜುಡುಪನ್ನು ನಾನೇ ಹೊಲಿದುಕೊಂಡೆ. ಅಂಗಡಿಯಲ್ಲಿ ನನ್ನ ಮೈಗಾಗುವಂಥದ್ದು ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆನಾದರೂ ಅದು ಅರ್ಧ ನಿಜ. ಇನ್ನೊಬ್ಬರು ಹೊಲಿದದ್ದನ್ನು ನಾನು ತೊಡುವುದುಂಟೆ?

ನನ್ನ ಹೊಲಿಗೆಗೆ ಒಂದು ಹೆಸರಿದೆ. ಅಳತೆ ತೆಗೆಯುವಾಗ ಟೇಪಿನ ಒಳಗೆ ನನ್ನ ಎರಡು ಬೆರಳು ಇರುತ್ತವೆ. ಹೆಂಗಸರು ಅಳತೆ ಕೊಡಲು ನಿಂತರೆಂದರೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಉಸಿರು ಬಿಗಿ ಹಿಡಿಯುತ್ತಾರೆ. ಅದು ಸುಳ್ಳು ಅಳತೆ. ಬಾಯಿಬಿಟ್ಟು ಹೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನನ್ನ ಎರಡು ಬೆರಳು ಸದ್ದಿಲ್ಲದೆ ಆ ಸುಳ್ಳನ್ನು ಸರಿಮಾಡುತ್ತವೆ. ಮನೆಗೆ ಹೋಗಿ ತೊಟ್ಟು ನೋಡಿದವಳು ತಾನು ಇಳಿದಿದ್ದೇನೆ ಎಂದು ಹಿಗ್ಗುತ್ತಾಳೆ, ಮುಂದಿನ ಬಟ್ಟೆಯನ್ನೂ ನನ್ನ ಬಳಿಗೇ ತರುತ್ತಾಳೆ. "ಟೈಲರಕ್ಕ ಹೊಲಿದ್ರೆ ಉಸಿರಾಡಬಹುದು" ಎನ್ನುತ್ತಾರೆ. ಈ ಮಾತು ಕೇಳಲೆಂದೇ ನಾನು ಬೆನ್ನು ನೋವು ಮರೆತು ದುಡಿದಿದ್ದೇನೆ.

ಹಾಗಾಗಿ ಎಳೆದರೆ ಹಿಗ್ಗುವ ಕಡುನೀಲಿ ಬಟ್ಟೆ ತಂದು, ಮೊಣಕೈವರೆಗೆ ತೋಳು, ಮೊಣಕಾಲವರೆಗೆ ಕಾಲು ಬರುವಂತೆ ಕತ್ತರಿಸಿದೆ. ಎಂದಿನಂತೆ ಎರಡು ಬೆರಳು ಸಡಿಲ. ವಯಸ್ಸಾದ ಮೈಯಲ್ಲವೇ ಎಂದು ಸೊಂಟದಲ್ಲಿ ಇನ್ನೊಂದು ಬೆರಳು ಕೊಸರು.

ಮೊದಲ ದಿನ ಮೆಟ್ಟಿಲು ಹಿಡಿದು ನೀರಿಗಿಳಿದೆ. ಮುಖ ಮುಳುಗಿಸಿದೆ. ಕೈ ಮುಂದೆ ಚಾಚಿತು, ಕಾಲು ಬಡಿಯಿತು, ಮೈ ಮುಂದೆ ಸಾಗಿತು. ನಲವತ್ತು ವರ್ಷ ನಾನು ಕರೆಯದೇ ಇದ್ದರೂ ಮುನಿಸಿಕೊಳ್ಳದೆ ಬಂದಿತ್ತು ಈಜು. ಆಚೆ ತುದಿಯಲ್ಲಿ ತಲೆ ಎತ್ತಿದಾಗ ಜಿಪ್ಪು ಹಾಕಿಸಿಕೊಂಡ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಆಂಟಿ, ಬರಲ್ಲ ಅಂದ್ರಲ್ಲ!"

"ಬರುತ್ತೋ ಇಲ್ವೋ ಅಂತ ಗೊತ್ತಿಲ್ಲ ಅಂದೆ. ಬರಲ್ಲ ಅಂದಿರಲಿಲ್ಲ."

ಅವಳು ನನ್ನ ಮಗಳಿಗಿಂತ ಚಿಕ್ಕವಳು, ಆದರೂ ನಾನು ಟೀಚರ್ ಎಂದೇ ಕರೆದೆ. ಉಸಿರು ಪಕ್ಕಕ್ಕೆ ತೆಗೆದುಕೊಳ್ಳುವುದು, ತೋಳನ್ನು ಭುಜದಿಂದ ಎತ್ತುವುದು, ನೀರನ್ನು ಹೊಡೆಯದೆ ಹಿಂದಕ್ಕೆ ತಳ್ಳುವುದು ಎಲ್ಲವನ್ನೂ ಕಲಿಸಿದಳು. ದಿನಾ ಬೆಳಗ್ಗೆ ಹೋದೆ. ನಡುನಡುವೆ ಶಾಲೆಯ ಸಮವಸ್ತ್ರದ ರಾಶಿ ಬಂದು ಬಿತ್ತು, ಅತ್ತೆಗೆ ಕೆಮ್ಮು ಬಂತು, ನನ್ನ ಕಿವಿಗೆ ನೀರು ಹೋಗಿ ವಾರಗಟ್ಟಲೆ ಒಂದೇ ಕಿವಿಯಲ್ಲಿ ಗಿರಾಕಿಗಳ ಮಾತು ಕೇಳಿದೆ. ಬಿಡಲಿಲ್ಲ.

ಆದರೆ ಒಂದು ಹಂತ ಮುಟ್ಟಿದ ಮೇಲೆ ಮುಂದೆ ಹೋಗಲು ಆಗುತ್ತಲೇ ಇರಲಿಲ್ಲ. ಆರಂಭದಲ್ಲಿ ಚೆನ್ನಾಗಿಯೇ ಇರುತ್ತಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಾರೋ ನನ್ನ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದ ಹಾಗಾಗುತ್ತಿತ್ತು. ಕಾಲು ಕೆಳಗಿಳಿಯುತ್ತಿತ್ತು, ಭುಜ ಕಲ್ಲಾಗುತ್ತಿತ್ತು. "ಆಂಟಿ, ಕಾಲು ಮೇಲೆ, ಕಾಲು ಮೇಲೆ" ಎಂದು ಟೀಚರ್ ದಡದಗುಂಟ ಓಡುತ್ತ ಕೂಗುತ್ತಿದ್ದಳು. ನಾನು ಅದಕ್ಕೆ ವಯಸ್ಸು ಎಂದು ಹೆಸರಿಟ್ಟುಕೊಂಡೆ. ಒಮ್ಮೆ ಹೆಸರಿಟ್ಟರೆ ಮುಗಿಯಿತು. ಕಾರಣ ಹುಡುಕುವುದನ್ನೇ ಬಿಟ್ಟೆ.

ಕೆರೆ ದಾಟುವ ಈಜಿಗೆ ಹೆಸರು ಬರೆಸಬೇಕಾದರೆ ಕೊಳದಲ್ಲಿ ಒಂದು ಗಂಟೆ ಎಲ್ಲೂ ನಿಲ್ಲದೆ ಈಜಿ ತೋರಿಸಬೇಕು. ಪರೀಕ್ಷೆಯ ದಿನ ನಾನು ನಡುವೆಯೇ ಕೊಳದಂಚಿನ ಕಂಬಿ ಹಿಡಿದುಬಿಟ್ಟೆ. ಹಿಡಿಯಬೇಕೆಂದು ಹಿಡಿದದ್ದಲ್ಲ. ಕೈ ತಾನೇ ಹೋಯಿತು.

"ಹಿಡಿದ್ರಿ ಆಂಟಿ" ಎಂದಳು ಟೀಚರ್, ಮೆಲ್ಲಗೆ.

"ಹಿಡಿದೆ."

"ಬರೋ ತಿಂಗಳು ಇನ್ನೊಂದು ಸಲ ಟೆಸ್ಟ್ ಇದೆ. ಅದೇ ಕೊನೇದು. ಅದೂ ಆಗ್ಲಿಲ್ಲ ಅಂದ್ರೆ ಮುಂದಿನ..." ಎಂದವಳು ಬಾಯಿ ಮುಚ್ಚಿದಳು. ನನಗೆ ಮುಂದಿನ ವರ್ಷವಿಲ್ಲ ಎಂಬುದು ಅವಳಿಗೆ ನೆನಪಾಗಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ. ಮನೆಗೆ ಹೋಗಿ ಅತ್ತೆಯ ಮುಖ ಹೇಗೆ ನೋಡುವುದು ಎಂದಷ್ಟೇ ಯೋಚಿಸುತ್ತಿದ್ದೆ. ಎದುರಿನ ಗೂಟದಲ್ಲಿ ಒಂದು ಚಿಕ್ಕ ಈಜುಡುಪು ನೇತಾಡುತ್ತಿತ್ತು.

"ಯಾವುದೋ ಮಗು ಬಟ್ಟೆ ಬಿಟ್ಟು ಹೋಗಿದೆ ನೋಡಿ ಟೀಚರ್" ಎಂದೆ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅವಳಿಗೆ.

ಅವಳು ನಕ್ಕಳು. "ಅಯ್ಯೋ, ಅದು ನಂದು ಆಂಟಿ."

ಅವಳನ್ನು ನೋಡಿದೆ. ಆಳೆತ್ತರದ ಹುಡುಗಿ, ಬಾಗಿಲು ತುಂಬುವ ಭುಜ. ಎದ್ದು ಹೋಗಿ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡೆ. ಬಟ್ಟೆ ಕಂಡರೆ ಒಳಗು ಹೊರಗು ಮಾಡಿ ಹೊಲಿಗೆ ನೋಡುವುದು ನನ್ನ ಜಾಯಮಾನ. ಒಳಗೆ ಕೈ ತೂರಿಸಿ ಎಳೆದೆ. ಹಿಗ್ಗಿತು. ಬಿಟ್ಟೆ. ಮತ್ತೆ ಮಗುವಿನದಾಯಿತು. ಇನ್ನೊಮ್ಮೆ ಎಳೆದೆ. ಇದನ್ನು ಹೊಲಿದವರು ಮೈಯ ಅಳತೆಗೆ ಏನನ್ನೂ ಕೂಡಿಸಿರಲಿಲ್ಲ. ಮೈಯ ಅಳತೆಯಿಂದ ಕಳೆದಿದ್ದರು.

ತಲೆ ಬಗ್ಗಿಸಿ ನನ್ನನ್ನು ನೋಡಿಕೊಂಡೆ. ಕೊಳದಿಂದ ಎದ್ದು ಇಷ್ಟು ಹೊತ್ತಾಗಿದ್ದರೂ ನನ್ನ ಸೊಂಟದಿಂದ ನೀರು ಸೋರುತ್ತಲೇ ಇತ್ತು. ಬೆಂಚಿನ ಕೆಳಗೆ ಮಡುಗಟ್ಟಿತ್ತು. ಹೊಟ್ಟೆಯ ಬಳಿ ಬಟ್ಟೆ ಹಿಡಿದರೆ ಮುಷ್ಟಿ ತುಂಬ ಬಂತು. ನೆನೆದು ಇನ್ನೂ ಜೋಲುಬಿದ್ದಿತ್ತು. ನಾನು ಇಷ್ಟು ತಿಂಗಳೂ ಒಂದು ಬಕೆಟ್ ನೀರನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿದ್ದೆ.

"ಟೀಚರ್, ಇದನ್ನ ನೋಡ್ತಾನೇ ಇದ್ರಲ್ಲ, ಒಂದು ಮಾತು ಹೇಳಬಾರದಿತ್ತಾ?"

ಅವಳು ತಬ್ಬಿಬ್ಬಾದಳು. "ನೀವು ಟೈಲರ್ ಅಲ್ವಾ ಆಂಟಿ? ಮೈ ಕಾಣಬಾರದು ಅಂತ ಬೇಕೂಂತ್ಲೇ ದೊಗಲೆ ಹೊಲ್ಕೊಂಡಿದೀರಿ ಅನ್ಕೊಂಡೆ. ನಿಮ್ಮ ಕೆಲಸದಲ್ಲಿ ನಾನು ಹೇಗೆ ತಪ್ಪು ಹಿಡೀಲಿ?"

ನನಗೆ ನಗು ಬಂತು. ಹೊಟ್ಟೆ ಹಿಡಿದು ನಕ್ಕೆ. ಅವಳು ಗಾಬರಿಯಾಗಿ ನೀರು ಕುಡಿಸಲು ಬಂದಳು. ಬೇಡ, ನೀರು ಸಾಕಷ್ಟಿದೆ ಎಂದೆ. ಹಾಗಾದರೆ ನನ್ನ ತೋಳಿಗೆ ವಯಸ್ಸಾಗಿರಲಿಲ್ಲ! ಬಕೆಟ್ ಹೊತ್ತುಕೊಂಡೇ ಅಷ್ಟು ದೂರ ಈಜಿದ ತೋಳು ಅದು.

ಮನೆಗೆ ಬಂದವಳೇ ಬಟ್ಟೆ ಹಾಸಿದೆ. ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಊರಿಗೆಲ್ಲ ಅಳತೆ ತೆಗೆಯುವವಳಿಗೆ ತನ್ನ ಅಳತೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹಳೆಯ ಬಟ್ಟೆಯನ್ನು ಹರವಿಕೊಂಡು, ಅದರ ಮೇಲೆ ಸ್ವಲ್ಪ ಬಿಟ್ಟು ಕತ್ತರಿಸಿಕೊಂಡಿದ್ದೆ, ಅಷ್ಟೆ. ನನ್ನನ್ನು ನಿಲ್ಲಿಸಿ ಯಾರೂ ಟೇಪು ಹಿಡಿದಿರಲಿಲ್ಲ. ನಾನೇ ಹಿಡಿದುಕೊಳ್ಳೋಣವೆಂದರೆ ಕೈ ಎತ್ತಿದರೆ ಒಂದು ಅಳತೆ, ಇಳಿಸಿದರೆ ಇನ್ನೊಂದು.

"ಅತ್ತೆ, ಇಲ್ಲಿ ಬನ್ನಿ. ಸ್ವಲ್ಪ ಟೇಪು ಹಿಡೀರಿ."

"ಫೇಲಾದೆಯಂತೆ. ವ್ಯಾನಲ್ಲೇ ಮುಖ ಊದಿಸ್ಕೊಂಡು ಕೂತಿದ್ದಳು ಅಂದ ಅವನು."

"ಊದಿಸ್ಕೊಂಡಿರಲಿಲ್ಲ. ಯೋಚನೆ ಮಾಡ್ತಿದ್ದೆ. ಹಿಡೀರಿ."

ಅವರು ಕನ್ನಡಕ ಏರಿಸಿಕೊಂಡು ಬಂದರು. ಟೇಪು ಎದೆಯ ಸುತ್ತ ಬಂತು. ನನಗೆ ಅರಿವಿಲ್ಲದೆ ಉಸಿರು ಬಿಗಿಯಾಯಿತು, ಹೊಟ್ಟೆ ಒಳಸೇರಿತು. ಅತ್ತೆ ಬೆರಳಿನಿಂದ ಹೊಟ್ಟೆಗೆ ತಿವಿದರು.

"ಬಿಡೇ ಹೊಟ್ಟೆ. ನನ್ನ ಮುಂದೆ ಎಂಥ ನಾಟಕ? ಮದುವೆ ಆದಾಗಿಂದ ನೋಡ್ತಿರೋ ಹೊಟ್ಟೆ."

ಬಿಟ್ಟೆ. "ಒಳಗೆ ಬೆರಳು ಇಡಬೇಡಿ ಅತ್ತೆ."

"ಬೆರಳು ಇಡೋಕೆ ಜಾಗ ಎಲ್ಲಿದೆ?" ಎಂದು ಅಳತೆಯನ್ನು ಬೀದಿಗೆ ಕೇಳುವಂತೆ ಕೂಗಿದರು.

"ಮೆಲ್ಲಗೆ ಹೇಳಿ!"

"ಕೆರೆಗೆ ಇಳಿಯೋವಾಗ ಊರೆಲ್ಲ ನೋಡುತ್ತಂತೆ, ನಂಬರ್ ಕೇಳಿದ್ರೆ ಮಾನ ಹೋಗುತ್ತಾ?"

ಸೊಂಟ ಆಯಿತು, ತೊಡೆ ಆಯಿತು. ತೋಳಿಗೆ ಬಂದಾಗ ಟೇಪು ಸುತ್ತಿದ ಅವರ ಕೈ ನಿಂತಿತು. ತೋಳನ್ನು ಒತ್ತಿ ನೋಡಿದರು. ಬಿಟ್ಟು ಮತ್ತೆ ಒತ್ತಿದರು.

"ಇದೇನೇ ಇದು, ಇಷ್ಟು ಗಟ್ಟಿ ಆಗಿದೆ?"

"ಈಜಿ ಈಜಿ ಹಾಗಾಗಿದೆ."

"ಇನ್ನೊಂದು ಕೊಡು." ಅದನ್ನೂ ಒತ್ತಿದರು. ಟೇಪು ಸುತ್ತಿಡುತ್ತ ಹೇಳಿದರು, "ನಿನ್ನ ವಯಸ್ಸಿಗೆ ನಾನು ಮುದುಕಿ ಆಗಿಬಿಟ್ಟಿದ್ದೆ. ಯಾರೂ ಆಗು ಅಂದಿರಲಿಲ್ಲ. ಎಲ್ಲರೂ ಆಗ್ತಾರಲ್ಲ ಅಂತ ನಾನೂ ಆದೆ." ಮತ್ತೆ ಗುಂಡಿ ಹೊಲಿಯಲು ಹೋಗಿ ಕೂತರು.

ಅಳತೆಗಿಂತ ಕಡಿಮೆ ಕತ್ತರಿಸುವುದು ನನಗೆ ಬಹಳ ಕಷ್ಟವಾಯಿತು. ಸೀಮೆಸುಣ್ಣದ ಗೆರೆ ಎಳೆದೆ. ಕತ್ತರಿ ಹಿಡಿದ ಕೈ ಪ್ರತಿ ಸಲವೂ ಗೆರೆಯ ಹೊರಗೇ ಹೋಗುತ್ತಿತ್ತು. ಇಷ್ಟು ವರ್ಷ ಎಲ್ಲರಿಗೂ ಜಾಗ ಬಿಟ್ಟು ಬಿಟ್ಟು ಬಂದ ಕೈ. ಬಟ್ಟೆಯಲ್ಲಿ ಮಾತ್ರವಲ್ಲ, ಮನೆಯಲ್ಲೂ ನಾನು ಹಾಗೆಯೇ ಎಂದು ಆ ಕತ್ತರಿ ಹಿಡಿದು ನಿಂತಾಗ ಹೊಳೆಯಿತು. ಬೇರೆಯವರಿಗೆ ಬಿಗಿಯಾಗದಿರಲಿ ಎಂದು ನಾನು ಸುತ್ತ ಸ್ವಲ್ಪ ಸಡಿಲವಾಗಿಯೇ ಬದುಕಿದ್ದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ಅದರಿಂದ ಮನೆ ನಡೆದಿದೆ. ಆದರೆ ನೀರಿಗೆ ಅದು ಬೇಡ. ನೀರಿಗೆ ನಾನು ಎಷ್ಟಿದ್ದೇನೋ ಅಷ್ಟೇ ಬೇಕು. ಗೆರೆಯ ಮೇಲೆ ಕತ್ತರಿಸಿದೆ.

ನೇರ ಹೊಲಿಗೆ ಹಾಕಿದರೆ ಎಳೆದಾಗ ಪಟ್ಟೆಂದು ಬಿಡುತ್ತಿತ್ತು. ಬಿಚ್ಚಿ, ಅಂಕುಡೊಂಕು ಓಡುವ ಹೊಲಿಗೆ ಹಾಕಿದೆ. ತೊಡಲು ಕುಣಿದಾಡಬೇಕಾಯಿತು. ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ಮೈ ಇದ್ದ ಹಾಗೆ ಕಂಡಿತು. ಹೊಟ್ಟೆ ಇದ್ದಲ್ಲಿ ಹೊಟ್ಟೆ, ತೋಳು ಇದ್ದಲ್ಲಿ ತೋಳು. ಪರವಾಗಿಲ್ಲ, ಒಳ್ಳೆಯ ಆಳು ಅನಿಸಿತು.

ಎರಡನೆಯ ಪರೀಕ್ಷೆಯಲ್ಲಿ ಟೀಚರ್ ಸಮಯ ಮುಗಿಯಿತೆಂದು ಸೀಟಿ ಊದಿದ್ದು ನನಗೆ ಕೇಳಿಸಲೇ ಇಲ್ಲ. ಇನ್ನೊಂದು ಸುತ್ತು ಹೊಡೆದು ಬಂದೆ.

ಕೆರೆಯ ದಿನ ಬೆಳಗ್ಗೆ ಗಾಳಿಯಿತ್ತು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಹುಡುಗ ಹುಡುಗಿಯರ ನಡುವೆ ನಿಂತೆ. ನಮ್ಮ ಯಜಮಾನರು ನನ್ನ ಬಟ್ಟೆಯ ಚೀಲ ಹಿಡಿದುಕೊಂಡು, "ಅಮ್ಮನ್ನ ಕರ್ಕೊಂಡು ಆ ದಡಕ್ಕೆ ಹೋಗಿರ್ತೀನಿ" ಎಂದರು. ಬಂದರೆ ಎಂದಾಗಲಿ, ಆಗದಿದ್ದರೆ ಎಂದಾಗಲಿ ಹೇಳಲಿಲ್ಲ. ಅವರು ಹೇಳದೆ ಬಿಟ್ಟದ್ದು ನನಗೆ ಇಷ್ಟವಾಯಿತು.

ಕೆರೆ ಎಂದರೆ ಕೊಳವಲ್ಲ. ಕೊಳದ ತಳದಲ್ಲಿ ಗೆರೆ ಇರುತ್ತದೆ, ನೋಡಿಕೊಂಡು ಹೋದರಾಯಿತು. ಇಲ್ಲಿ ಕೆಳಗೆ ಕತ್ತಲೆ, ಮೇಲೆ ಅಲೆ. ಉಸಿರಿಗೆಂದು ಬಾಯಿ ತೆರೆದಲ್ಲೆಲ್ಲ ನೀರು ನುಗ್ಗುತ್ತಿತ್ತು. ಜೊತೆಗೆ ಹೊರಟವರ ಬಣ್ಣಬಣ್ಣದ ಟೋಪಿಗಳು ಮುಂದೆ ಮುಂದೆ ಹೋಗಿ ಸಾಸಿವೆಯಷ್ಟಾಗಿ ಮಾಯವಾದವು. ನಾನು ನನ್ನ ಪಾಡಿಗೆ ಕೈ ಹಾಕುತ್ತಿದ್ದೆ. ಯಾವಾಗಲೋ ತಲೆ ಎತ್ತಿ ನೋಡಿದರೆ ಎದುರು ದಡದ ಕೆಂಪು ಬಾವುಟವೇ ಇರಲಿಲ್ಲ. ಗಾಳಿ ನನ್ನನ್ನು ಒಂದು ಬದಿಗೆ ತಳ್ಳಿಬಿಟ್ಟಿತ್ತು.

ಕಾವಲಿನ ದೋಣಿಯೊಂದು ಹತ್ತಿರ ಬಂತು. ದೋಣಿಯವನು ಹಗ್ಗ ಹಿಡಿದು ಬಾಗಿದ್ದ. ದೋಣಿಯನ್ನಾಗಲಿ ಹಗ್ಗವನ್ನಾಗಲಿ ಮುಟ್ಟಿದರೆ ಈಜು ಅಲ್ಲಿಗೆ ಮುಗಿದಂತೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

"ಸಾಕು ಬನ್ನಿ ಅಕ್ಕ. ದಾರಿ ತಪ್ಪಿದೀರಿ. ಇಷ್ಟು ದೂರ ಬಂದಿದ್ದೇ ದೊಡ್ಡದು."

"ಬಾವುಟ ಯಾವ ಕಡೆ?"

"ಬಲಕ್ಕೆ. ಆದ್ರೆ ಅಲೆ ಎದುರಿದೆ, ಇನ್ನೂ ತುಂಬ ದೂರ."

"ದೂರ ನಾನು ನೋಡ್ಕೋತೀನಪ್ಪ. ನೀನು ದಿಕ್ಕು ಹೇಳು."

"ಆಗಲಿಲ್ಲ ಅಂದ್ರೆ?"

"ಕೂಗ್ತೀನಿ. ನನ್ನ ಗಂಟಲು ನೀನು ಕೇಳಿಲ್ಲ."

ಅವನು ನಕ್ಕು ಹಗ್ಗವನ್ನು ಒಳಗೆಳೆದುಕೊಂಡ. ಅದು ಸರ್ರನೆ ನೀರಿನಿಂದ ಮೇಲೆದ್ದು ಹೋದದ್ದು ಕಂಡಾಗ ಒಂದು ಕ್ಷಣ, ಹಿಡಿಯಬೇಕಿತ್ತೇನೋ ಅನಿಸಿದ್ದು ನಿಜ. ಭುಜ ಉರಿಯುತ್ತಿತ್ತು. ಕಣ್ಣು ಚುರುಗುಟ್ಟುತ್ತಿತ್ತು. ಮುಖ ಮುಳುಗಿಸಿ ಬಲಕ್ಕೆ ತಿರುಗಿದೆ. ಅಲೆ ಕೆನ್ನೆಗೆ ಹೊಡೆಯಿತು. ಮತ್ತೆ ಕೈ ಹಾಕಿದೆ. ಯಾವ ಯೋಚನೆಯೂ ಇರಲಿಲ್ಲ. ಅಣ್ಣ ಇರಲಿಲ್ಲ, ಅಮ್ಮ ಇರಲಿಲ್ಲ, ಅಂಗಡಿಯಲ್ಲಿ ಬಾಕಿ ಇದ್ದ ಕೆಲಸ ಇರಲಿಲ್ಲ. ಒಂದು ತೋಳು ಹೋಗುತ್ತಿತ್ತು, ಅದರ ಹಿಂದೆ ಇನ್ನೊಂದು. ಹಿಂದಿನಿಂದ ಯಾರೂ ಜಗ್ಗುತ್ತಿರಲಿಲ್ಲ. ಇಷ್ಟು ಹಗುರವಾಗಿ, ಇಷ್ಟು ಪೂರ್ತಿಯಾಗಿ ನಾನು ಒಂದೇ ಕೆಲಸದಲ್ಲಿ ಇದ್ದದ್ದು ನೆನಪಿಲ್ಲ.

ಕಾಲಿಗೆ ಕಲ್ಲು ತಗುಲಿತು. ನಂಬದೆ ಇನ್ನೊಂದೆರಡು ಕೈ ಹಾಕಿದೆ. ಮೊಣಕಾಲೇ ನೆಲಕ್ಕೆ ಉಜ್ಜಿದ ಮೇಲೆ ನಿಂತೆ. ಬಹುಮಾನ ಕೊಟ್ಟು ಮುಗಿದಿತ್ತು, ಮೈಕಿನವರು ತಂತಿ ಸುತ್ತುತ್ತಿದ್ದರು. ಟೀಚರ್ ಮಾತ್ರ ನೀರಿನಂಚಿನಲ್ಲಿ ನಿಂತು ಕುಪ್ಪಳಿಸುತ್ತಿದ್ದಳು. ನಮ್ಮ ಯಜಮಾನರು ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ನನ್ನನ್ನು ಕಂಡು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಎಷ್ಟು ಹೊತ್ತೇ!" ಎಂದರು ಅತ್ತೆ. "ಮೀನಿನ ಜೊತೆ ಸಂಸಾರ ಹೂಡಿದ್ಯಾ? ಇವನಂತೂ ಎರಡು ಸಲ ಷೂ ಬಿಚ್ಚಿದ, ನೀರಿಗಿಳೀತೀನಿ ಅಂತ. ಇವನಿಗೆ ಈಜೇ ಬರಲ್ಲ."

ಸ್ವಯಂಸೇವಕಿಯೊಬ್ಬಳು ದೊಡ್ಡ ಟವೆಲ್ ಬಿಡಿಸಿಕೊಂಡು ನನ್ನನ್ನು ಸುತ್ತಲು ಓಡಿ ಬಂದಳು. ಅತ್ತೆ ಕೈ ಅಡ್ಡ ಹಿಡಿದರು.

"ಸ್ವಲ್ಪ ತಡಿಯಮ್ಮ" ಎಂದರು ಅವಳಿಗೆ. "ಅವಳು ಹಾಗೇ ನಿಂತಿರಲಿ. ಎಲ್ಲರೂ ನೋಡಲಿ."

ನಾನು ನಿಂತೆ. ತಂತಿ ಸುತ್ತುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಉಸಿರು ಇನ್ನೂ ಏರಿಳಿಯುತ್ತಿತ್ತು, ಅದನ್ನು ಅಡಗಿಸಲು ಹೋಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ತಿರುಗಿ, ನಾನು ದಾಟಿ ಬಂದ ಅಷ್ಟೂ ನೀರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ.